ಮಳೆಗಾಲದಲ್ಲಿ ಪ್ಲಾಸ್ಟಿಕ್ ಮೇಲೆ ಹೊಡೆದ ಲ್ಯಾಕರ್ ಯಾಕೆ ಬೆಳ್ಳಗಾಗುತ್ತದೆ?

ಕಾರವಾರದಲ್ಲಿ ಜುಲೈ ತಿಂಗಳಲ್ಲಿ ಸ್ಕೂಟರಿನ ಪ್ಲಾಸ್ಟಿಕ್ ಮಡ್‌ಗಾರ್ಡಿಗೆ ಕ್ಲಿಯರ್ ಲ್ಯಾಕರ್ (ಬಣ್ಣವಿಲ್ಲದ ಹೊಳಪಿನ ಲೇಪ) ಹೊಡೆದೆ, ಹತ್ತೇ ನಿಮಿಷದಲ್ಲಿ ಹಾಲು ಬಳಿದ ಹಾಗಾಯಿತು, ಮಾಲು ಹಾಳಾಗಿತ್ತಾ ಅಂತ ಕೇಳಿದ್ದೀರಿ. ಮಾಲು ಚೆನ್ನಾಗಿಯೇ ಇದ್ದಿರಬೇಕು. ಲ್ಯಾಕರ್ ಒಣಗುವಾಗ ಅದರೊಳಗೆ ನೀರು ಸೇರಿದೆ.

ನಾನು ಕುಮಟಾದಲ್ಲಿ ಗಾಡಿಗಳಿಗೆ ಪೇಂಟ್ ಮಾಡುತ್ತೇನೆ. ಶುರುವಿನ ವರ್ಷ ನನಗೂ ಹೀಗೇ ಆಗಿ, ಒಂದಿಡೀ ಸೆಟ್ ಉಜ್ಜಿ ತೆಗೆದಿದ್ದೆ.

ಸೂಜಿ ಚುಚ್ಚುವ ಮೊದಲು ಸ್ಪಿರಿಟ್ ಒರೆಸಿದರೆ ಚರ್ಮ ತಣ್ಣಗಾಗುತ್ತದೆ ಅಲ್ವಾ? ಲ್ಯಾಕರನ್ನು ತೆಳು ಮಾಡುವ ದ್ರವ, ಅಂದರೆ ಥಿನ್ನರ್, ಆವಿಯಾಗಿ ಹಾರುವಾಗ ಮಡ್‌ಗಾರ್ಡಿಗೂ ಅದೇ ಆಗುತ್ತದೆ. ತಗಡಾದರೆ ಒಳಗಿನ ಬಿಸಿ ಬೇಗ ಮೇಲೆ ಬರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬರುವುದಿಲ್ಲ, ಮೇಲ್ಮೈ ತಣ್ಣಗೇ ಉಳಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಳಿ 27 ಡಿಗ್ರಿ, ತೇವಾಂಶ ಶೇ. 90 ಇದ್ದರೆ, ಮಡ್‌ಗಾರ್ಡಿನ ಮೈ 25ಕ್ಕೆ ಇಳಿದರೆ ಸಾಕು, ನೀರು ಕೂರುತ್ತದೆ. ತೇವಾಂಶ 50 ಇದ್ದರೆ ಸುಮಾರು 16ಕ್ಕೆ ಇಳಿಯಬೇಕು. ವ್ಯತ್ಯಾಸ ಅಷ್ಟು ದೊಡ್ಡದು. ಆ ನೀರಿನಲ್ಲಿ ಲ್ಯಾಕರಿನ ಪಾಲಿಮರ್ ಕರಗುವುದಿಲ್ಲ. ಹರಡಿ ನಯವಾಗುವ ಮೊದಲೇ ಬೇರೆಯಾಗಿ ಗಟ್ಟಿಯಾಗುತ್ತದೆ, ನಡುವೆ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಬೆಳಕು ಅಲ್ಲಿ ಚದುರಿ ಬಿಳಿ ಕಾಣುತ್ತದೆ.

ಉಜ್ಜಿ ತೆಗೆಯಬೇಡಿ. ಮಳೆ ಬಿಟ್ಟ ದಿನ ನೋಡಿ, ನಿಧಾನ ಹಾರುವ ರಿಟಾರ್ಡರ್ ಥಿನ್ನರನ್ನು ಮಂಜಿನ ಹಾಗೆ ತೆಳ್ಳಗೆ ಹೊಡೆಯಿರಿ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಆದರೆ ಮತ್ತೆ ಕರಗಿ ತಿಳಿಯಾಗುತ್ತದೆ. ಮೊದಲು ಕಾಣದ ಮೂಲೆಯಲ್ಲಿ ನೋಡಿ. ಜಾಸ್ತಿಯಾದರೆ ಥಿನ್ನರ್ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕನ್ನೇ ತಿಂದು ಕೂದಲೆಳೆಯಂಥ ಬಿರುಕು ಬರಿಸುತ್ತದೆ.

ಮುಂದಿನ ಸಲ ಹೊಡೆಯುವ ಮೊದಲು ಪಾರ್ಟನ್ನು ಹೇರ್ ಡ್ರೈಯರಿನಲ್ಲಿ ಉಗುರುಬೆಚ್ಚಗೆ ಮಾಡಿ. ಹೊಡೆದ ಮೇಲೆ ಬೇಡವೇ ಬೇಡ, ಥಿನ್ನರಿನ ಆವಿ ಬೆಂಕಿ ಹಿಡಿಯುತ್ತದೆ. ದಪ್ಪಗೆ ಒಂದೇ ಸಲ ಹೊಡೆಯುವ ಬದಲು ತೆಳ್ಳಗೆ ಮೂರು ಸಲ ಹೊಡೆಯಿರಿ. ಗನ್ ಅಥವಾ ಡಬ್ಬಿ ಒಂದು ಗೇಣು ದೂರ ಇರಲಿ. ತೀರಾ ದೂರವಾದರೆ ಹನಿ ಗಾಳಿಯಲ್ಲೇ ಒಣಗಿ, ಮೈ ಮರಳು ಕಾಗದದ ಹಾಗೆ ಒರಟಾಗುತ್ತದೆ. ಹತ್ತಿರವಾದರೆ ಸೋರಿ ಇಳಿಯುತ್ತದೆ.

ಸೈಡಿನ ಕಪ್ಪು ಪಾರ್ಟಿನಲ್ಲಿ ಲ್ಯಾಕರ್ ಸಿಪ್ಪೆಯ ಹಾಗೆ ಎದ್ದು ಬಂತು ಅಂದಿರಲ್ಲ, ಅದು ಬೇರೆ ಕತೆ. ಅದರ ಮೇಲೆ ನೀರು ಹಾಕಿ ನೋಡಿ. ಕೆಸುವಿನ ಎಲೆ ಮೇಲಿನ ಹಾಗೆ ಹನಿಯಾಗಿ ಉರುಳಿದರೆ ಅದು ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಇರಬಹುದು. ಅದಕ್ಕೆ ಪಿಪಿ ಪ್ರೈಮರ್ (ಹಿಡಿತಕ್ಕೆ ಮೊದಲು ಹಾಕುವ ಕೋಟ್) ಹಾಕದೆ ಯಾವ ಲ್ಯಾಕರೂ ನಿಲ್ಲುವುದಿಲ್ಲ. ಒಳಮೈಯಲ್ಲಿ ಸಾಮಾನ್ಯವಾಗಿ ಪಿಪಿ ಅಥವಾ ಎಬಿಎಸ್ ಅಂತ ಅಚ್ಚು ಇರುತ್ತದೆ. ನೋಡಿ ಇಲ್ಲೇ ಬರೆಯಿರಿ, ಯಾವ ಪ್ರೈಮರ್ ಅಂತ ಹೇಳುತ್ತೇನೆ.