ಅವಿರೋಧ ಆಯ್ಕೆಯ ಹಾರ

ಓದುಗರ ಪತ್ರ: “ಸಂಪಾದಕರೇ, ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯನ್ನು ಐದು ದೇಶಗಳು ಕೋಣೆಯೊಳಗೆ ಕೂತು ನಿರ್ಧರಿಸುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ಟೀಕಿಸಿದ್ದೀರಿ. ಕೂತು ಮಾತಾಡಿ ಒಬ್ಬರನ್ನು ಒಪ್ಪಿಕೊಂಡರೆ ತಪ್ಪೇನು? ಚುನಾವಣೆ ಎಂದರೆ ಜಗಳ, ಗುಂಪುಗಾರಿಕೆ. ದುಡ್ಡು ಹಾಕುವವರು ಆ ದೊಡ್ಡವರೇ, ಅವರಿಗೆ ಬೇಕಾದವರು ಬರಲಿ. ಆ ಸಂಸ್ಥೆಗೆ ಬೇಕಾಗಿರುವುದು ಒಬ್ಬ ಗಟ್ಟಿ ಮನುಷ್ಯ. ಅಂಥವನು ಬಂದರೆ ಸುಧಾರಣೆ ತಾನಾಗಿ ಆಗುತ್ತದೆ. ಈ ಸಲ ಹೆಂಗಸೇ ಆಗಬೇಕೆಂಬ ಹಠವೂ ನನಗೆ ಅರ್ಥವಾಗಲಿಲ್ಲ, ಯೋಗ್ಯತೆ ಮುಖ್ಯ.” (ತೀರ್ಥಹಳ್ಳಿಯ ಓದುಗರು, ನಿವೃತ್ತ ಬ್ಯಾಂಕ್ ಉದ್ಯೋಗಿ)

ಮಾನ್ಯರೇ, ನಿಮ್ಮ ಅಕ್ಷರ ನೋಡಿ ಖುಷಿಯಾಯಿತು. ಪತ್ರವನ್ನು ಟೈಪಿಗೆ ಕೊಡುವ ಮೊದಲು ಕಚೇರಿಯ ಹುಡುಗರಿಗೆಲ್ಲ ತೋರಿಸಿದೆ. ಲೆಡ್ಜರ್ ಬರೆದು ಪಳಗಿದ ಕೈ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ನೀವು ಬರೆದಿರುವ ಹೊಸ ಲೆಟರ್‌ಹೆಡ್ಡಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ‘ಕೂತು ಮಾತಾಡಿ ಒಬ್ಬರನ್ನು ಒಪ್ಪಿಕೊಂಡರೆ ತಪ್ಪೇನು’ ಎಂಬಲ್ಲಿಗೆ ಬಂದಾಗ ಮಾತ್ರ ನನಗೆ ಹಳೆಯ ಗಾಯ ಕೆದಕಿದಂತಾಯಿತು. ‘ಅವಿರೋಧ ಆಯ್ಕೆ’ ಎಂಬ ಎರಡು ಪದ ಕಂಡರೆ ಮೂವತ್ತು ವರ್ಷದಿಂದ ನನಗೆ ಮೈ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ, ತುಸು ಸುತ್ತಿ ಬಳಸಿ.

ನಾನು ವರದಿಗಾರನಾಗಿ ಸೇರಿದ ಮೊದಲ ವರ್ಷ. ಮಲೆನಾಡಿನ ಒಂದು ಸೇವಾ ಸಹಕಾರ ಸಂಘದಲ್ಲಿ ಅಧ್ಯಕ್ಷರ ಆಯ್ಕೆ. ಕೆಳಗೆ ಗೋದಾಮಿನಲ್ಲಿ ಗೊಬ್ಬರದ ಮೂಟೆಗಳನ್ನು ಪಕ್ಕಕ್ಕೆ ಸರಿಸಿ ಜಮಖಾನ ಹಾಸಿದ್ದರು, ಸದಸ್ಯರು ಕೂತಿದ್ದರು. ಮಹಡಿಯ ಕೋಣೆಯಲ್ಲಿ ನಿರ್ದೇಶಕರು, ಅವರ ಜೊತೆ ನಿರ್ದೇಶಕರೇ ಅಲ್ಲದ ಊರಿನ ಇಬ್ಬರು ಹಿರಿಯರು. ಕಾಫಿ ಎರಡು ಸಲ ಮೇಲೆ ಹೋಯಿತು. ನಾನು ಕಾರ್ಯದರ್ಶಿಯ ಮೇಜಿನ ಮುಂದೆ ಕೂತಿದ್ದೆ, ನಡಾವಳಿ ಪುಸ್ತಕ ತೆರೆದೇ ಇತ್ತು. ‘ಶ್ರೀ’ ಎಂದು ಬರೆದು ಮುಂದೆ ಒಂದು ಗೇಣು ಖಾಲಿ ಬಿಟ್ಟು, ‘ಇವರನ್ನು ಅವಿರೋಧವಾಗಿ ಆಯ್ಕೆ ಮಾಡಲಾಯಿತು’ ಎಂದು ಮುಗಿಸಿದ್ದರು. ಕೆಳಗೆ ಸೂಚಕರ ಸಹಿ, ಅನುಮೋದಕರ ಸಹಿ. ಎರಡೂ ಸಹಿಯ ಶಾಯಿ ಒಣಗಿತ್ತು. ಯಾರನ್ನು ಎಂಬುದೊಂದು ಬಾಕಿ! ಸಂಜೆ ನಾಲ್ಕಕ್ಕೆ ಹೆಸರು ಇಳಿದು ಬಂತು, ಕೆಳಗಿದ್ದವರು ಚಪ್ಪಾಳೆ ತಟ್ಟಿದರು. ನಾನೂ ‘ಅವಿರೋಧ ಆಯ್ಕೆ’ ಎಂದು ಮೂರು ಸಾಲು ಬರೆದು ಕಳಿಸಿದೆ.

ಆಯ್ಕೆಯಾದವರು ಸಾಧು ಮನುಷ್ಯ. ಎರಡು ವರ್ಷ ತೋರಿಸಿದ ಕಡೆ ಸಹಿ ಹಾಕಿದರು. ಮೂರನೇ ವರ್ಷ, ಆ ಹಿರಿಯರೊಬ್ಬರ ಅಳಿಯನ ಸಾಲ ಯಾಕೆ ವಸೂಲಾಗಿಲ್ಲ ಎಂದು ಒಂದೇ ಒಂದು ಪ್ರಶ್ನೆ ಕೇಳಿದರು. ಮುಂದಿನ ಸಲ ಮಹಡಿಯಿಂದ ಬೇರೆ ಹೆಸರು ಇಳಿಯಿತು, ಅದೂ ಅವಿರೋಧವಾಗಿಯೇ.

ಈಗ ನ್ಯೂಯಾರ್ಕಿಗೆ ಹೋಗೋಣ. ವಿಶ್ವಸಂಸ್ಥೆಯ ಸನ್ನದಿನ 97ನೇ ವಿಧಿಯ ಪ್ರಕಾರ ಭದ್ರತಾ ಮಂಡಳಿ ಶಿಫಾರಸು ಮಾಡುತ್ತದೆ, ಸಾಮಾನ್ಯ ಸಭೆ ನೇಮಿಸುತ್ತದೆ. ಎಷ್ಟು ಹೆಸರು ಕಳಿಸಬೇಕೆಂದು ಆ ವಿಧಿಯಲ್ಲಿಲ್ಲ. ಮಂಡಳಿ ಒಂದೇ ಹೆಸರು ಕಳಿಸುವುದು ಒಳ್ಳೆಯದು, ಸಭೆಯಲ್ಲಿ ಚರ್ಚೆ ಬೇಡ ಎಂದು 1946ರ ಜನವರಿಯಲ್ಲಿ ಸಾಮಾನ್ಯ ಸಭೆಯೇ ನಿರ್ಣಯ ಮಾಡಿಕೊಂಡಿತು. ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವುದೆಂದರೆ ಇದು. ಅಂದಿನಿಂದ ಅದೇ ಪದ್ಧತಿ. ಈಗ 193 ದೇಶಗಳು ಜಮಖಾನದ ಮೇಲೆ, ಮಂಡಳಿಯ ಹದಿನೈದು ಮಹಡಿಯಲ್ಲಿ. ಆ ಹದಿನೈದರಲ್ಲೂ ‘ಬೇಡ’ ಎಂದರೆ ನಡೆಯುವುದು ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಎಂಬ ಐದು ಕಾಯಂ ಸದಸ್ಯರ ಮಾತು. ಆ ‘ಬೇಡ’ಕ್ಕೇ ವಿಟೊ ಎನ್ನುವುದು.

ಮತದಾನದ ರೀತಿ ನೋಡಿ. ಮೊದಲು ಅನೌಪಚಾರಿಕ ಮತ. ಪ್ರತಿ ಹೆಸರಿಗೂ ‘ಪ್ರೋತ್ಸಾಹ’, ‘ನಿರುತ್ಸಾಹ’, ‘ಅಭಿಪ್ರಾಯವಿಲ್ಲ’ ಎಂಬ ಮೂರರಲ್ಲೊಂದು ಗುರುತು. ಕೊನೆಕೊನೆಗೆ ಕಾಯಂ ಸದಸ್ಯರಿಗೆ ಬೇರೆ ಬಣ್ಣದ ಚೀಟಿ ಕೊಡುತ್ತಾರೆ, ನಿರುತ್ಸಾಹ ತೋರಿದ್ದು ವಿಟೊ ಇರುವವರೋ ಇಲ್ಲದವರೋ ಎಂದು ಆಗ ತಿಳಿಯುತ್ತದೆ. ಚೀಟಿಯ ಮೇಲೆ ದೇಶದ ಹೆಸರಿಲ್ಲ, ಕಾರಣ ಬರೆಯಬೇಕಾಗಿಲ್ಲ. 2006ರಲ್ಲಿ ನಮ್ಮ ಶಶಿ ತರೂರ್ ಸುತ್ತುಸುತ್ತಿಗೂ ಎರಡನೆಯವರಾಗಿದ್ದರು. ಕೊನೆಯ ಸುತ್ತಿನಲ್ಲಿ ಹತ್ತು ಪ್ರೋತ್ಸಾಹ, ಮೂರು ನಿರುತ್ಸಾಹ. ಆ ಮೂರರಲ್ಲಿ ಒಂದು ಬಣ್ಣದ ಚೀಟಿ. ಮುಗಿಯಿತು, ಬಾನ್ ಕಿ ಮೂನ್ ಬಂದರು.

1981ರಲ್ಲಿ ಇನ್ನೂ ಚೆಂದ. ಮೂರನೇ ಅವಧಿ ಬೇಕೆಂದ ಪ್ರಧಾನ ಕಾರ್ಯದರ್ಶಿ ಕುರ್ಟ್ ವಾಲ್ಡ್‌ಹೈಮ್‌ಗೆ ಚೀನಾ ಹದಿನಾರು ಸಲ ವಿಟೊ ಹಾಕಿತು. ತಾಂಜಾನಿಯಾದ ಸಲೀಂ ಅಹಮದ್ ಸಲೀಂ ಅವರಿಗೆ ಅಮೆರಿಕ ಅಡ್ಡ ನಿಂತಿತು. ವಾರಗಟ್ಟಲೆ ಇದೇ ಹಗ್ಗಜಗ್ಗಾಟ. ಕೊನೆಗೆ ಇಬ್ಬರೂ ಬದಿಗೆ ಸರಿದು, ಯಾರಿಗೂ ಬೇಡವಾಗಿರದ ಪೆರುವಿನ ಪೆರೆಸ್ ಡಿ ಕ್ವೆಯ್ಯಾರ್ ಬಂದರು. ಅವರು ಕೆಟ್ಟವರಲ್ಲ, ಇರಾನ್-ಇರಾಕ್ ಯುದ್ಧ ನಿಲ್ಲಿಸಲು ದುಡಿದವರು. ಆದರೆ ಆರಿಸಿದ ಕಾರಣ ಅದಲ್ಲವಲ್ಲ.

ನೀವು ಗಟ್ಟಿ ಮನುಷ್ಯ ಬೇಕು ಎನ್ನುತ್ತೀರಿ. ಮಹಡಿಯವರು ಹುಡುಕುವುದೇ ಗಟ್ಟಿಯಿಲ್ಲದವರನ್ನು. ಡಾಗ್ ಹ್ಯಾಮರ್‌ಶೋಲ್ಡ್ ಬರಲಿಲ್ಲವೇ ಎಂದು ಕೇಳುವಿರಿ. ಬಂದರು, ಲೆಕ್ಕ ತಪ್ಪಿ ಬಂದರು! 1953ರಲ್ಲಿ ಅವರು ಹೊರಗೆ ಯಾರಿಗೂ ಅಷ್ಟಾಗಿ ಗೊತ್ತಿರದ ಸ್ವೀಡನ್ನಿನ ಅರ್ಥಶಾಸ್ತ್ರದ ಅಧಿಕಾರಿ. ಸದ್ದಿಲ್ಲದೆ ಫೈಲು ನೋಡಿಕೊಂಡಿರುತ್ತಾರೆ ಎಂದು ಅಮೆರಿಕದ ಬಣ, ಸೋವಿಯತ್ ಬಣ ಎರಡೂ ಅಂದುಕೊಂಡಿದ್ದವು. ಸುದ್ದಿ ಸ್ಟಾಕ್‌ಹೋಮ್ ತಲುಪುವ ಹೊತ್ತಿಗೆ ಏಪ್ರಿಲ್ 1 ಬಂದಿದ್ದರಿಂದ, ಯಾರೋ ಫೂಲ್ ಮಾಡುತ್ತಿದ್ದಾರೆಂದು ಅವರೇ ಮೊದಲು ನಂಬಲಿಲ್ಲವಂತೆ. ಆ ಮೆತ್ತಗಿನ ಅಧಿಕಾರಿ ಸೂಯೆಜ್‌ಗೆ ಮೊದಲ ಶಾಂತಿಪಡೆ ಕಟ್ಟಿ ಕಳಿಸಿದರು, ಕಾಂಗೋ ವಿಷಯದಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ರಾಜೀನಾಮೆ ಕೇಳಿದಾಗ ಜಗ್ಗಲಿಲ್ಲ. 1961ರ ಸೆಪ್ಟೆಂಬರಿನಲ್ಲಿ ಈಗಿನ ಜಾಂಬಿಯಾದ ಎಂಡೋಲಾ ಹತ್ತಿರ ವಿಮಾನ ಬಿದ್ದು ತೀರಿಕೊಂಡರು.

ಆಮೇಲೆ ಮಹಡಿಯವರು ಎಚ್ಚರವಾದರು. ಪ್ರಶ್ನೆ ಕೇಳಿದವರಿಗೆ ಏನಾಗುತ್ತದೆಂದು ನನ್ನ ಸಹಕಾರ ಸಂಘದ ಅಧ್ಯಕ್ಷರ ಹಾಗೆಯೇ ಪ್ರಧಾನ ಕಾರ್ಯದರ್ಶಿಯಾಗಿದ್ದ ಬುಟ್ರೋಸ್ ಘಾಲಿ ಕೂಡ ಕಂಡರು. 1996ರ ನವೆಂಬರಿನಲ್ಲಿ ಅವರ ಎರಡನೇ ಅವಧಿಗೆ ಹದಿನೈದರಲ್ಲಿ ಹದಿನಾಲ್ಕು ಮತ ಬಿತ್ತು, ಅಮೆರಿಕದ ಒಂದು ವಿಟೊ ಸಾಕಾಯಿತು. ಮನೆಗೆ ಹೋದರು.

ಅದಕ್ಕೇ ನನ್ನದು ಎರಡು ಹಠ. ಒಂದು, ಮಂಡಳಿ ಒಂದಕ್ಕಿಂತ ಹೆಚ್ಚು ಹೆಸರು ಕಳಿಸಬೇಕು, ಸಾಮಾನ್ಯ ಸಭೆ ಮತ ಹಾಕಬೇಕು. ಇನ್ನೊಂದು, ಏಳು ವರ್ಷದ ಒಂದೇ ಅವಧಿ. ಎರಡನೆಯದು ನನ್ನ ಸ್ವಂತ ಸರಕಲ್ಲ. ನಾಲ್ಕು ದಶಕ ಅಲ್ಲೇ ದುಡಿದು ಒಳಗಿನದೆಲ್ಲ ಕಂಡ ಬ್ರಯನ್ ಅರ್ಕ್ವಾರ್ಟ್ 1990ರಲ್ಲೇ ಇದನ್ನು ಸೂಚಿಸಿದ್ದರು. ಮುಂದಿನ ಐದು ವರ್ಷಕ್ಕೆ ಯಾರ ಸಹಿ ಬೇಕೋ ಅವರ ಮೇಲೆ ಈ ಐದು ವರ್ಷ ಯಾರು ಬಾಯಿ ಬಿಡುತ್ತಾರೆ? ಬ್ಯಾಂಕಿನಲ್ಲಿ ನಿಮಗೆ ಪ್ರಮೋಷನ್ ಬರೆಯುವ ಮ್ಯಾನೇಜರರ ಮೇಲೆ ನೀವು ಎಷ್ಟು ದೂರು ಬರೆದಿರಿ, ಎದೆ ಮುಟ್ಟಿ ಹೇಳಿ.

ದುಡ್ಡು ಹಾಕುವವರು ದೊಡ್ಡವರೇ ಎಂದಿರಲ್ಲ, ಲೆಕ್ಕದವರಾದ ನಿಮ್ಮಿಂದ ಈ ಮಾತು ನಿರೀಕ್ಷಿಸಿರಲಿಲ್ಲ. ಮಾಮೂಲಿ ಬಜೆಟ್ಟಿನಲ್ಲಿ ಅಮೆರಿಕದ ಪಾಲು ಶೇ. 22 ಹೌದು, ಅದೂ ಹೊತ್ತಿಗೆ ಸರಿಯಾಗಿ ಬರದೆ ಸಂಸ್ಥೆ ಪರದಾಡುತ್ತಿದೆ. ಚೀನಾದ್ದೂ ದೊಡ್ಡ ಪಾಲೇ. ಆದರೆ ಬ್ರಿಟನ್, ಫ್ರಾನ್ಸ್, ರಷ್ಯಾಕ್ಕಿಂತ ಜಪಾನ್ ಹೆಚ್ಚು ಕೊಡುತ್ತದೆ, ಜರ್ಮನಿಯೂ ಹೆಚ್ಚು ಕೊಡುತ್ತದೆ. ಅವೆರಡಕ್ಕೂ ಬಣ್ಣದ ಚೀಟಿ ಇಲ್ಲ.

ಮಹಡಿಯ ಕೋಣೆಯ ನಿಜವಾದ ಬೆಲೆ ಗೊತ್ತಾಗುವುದು ಹಾರ ಬಿದ್ದ ಮೇಲೆ. ನಮ್ಮಲ್ಲಿ ಸರ್ಕಾರ ಬಂದ ಕೂಡಲೇ ನಿಗಮ-ಮಂಡಳಿ ಹಂಚಿಕೆ ನಡೆಯುತ್ತದಲ್ಲ, ಅದೇ. ಶಾಂತಿಪಾಲನಾ ವಿಭಾಗದ ಮುಖ್ಯಸ್ಥರು 1997ರಿಂದ ಬಿಡದಂತೆ ಫ್ರೆಂಚರು. ರಾಜಕೀಯ ವಿಭಾಗ 2007ರಿಂದ ಅಮೆರಿಕದವರಿಗೆ, ಮಾನವೀಯ ನೆರವು ಬ್ರಿಟಿಷರಿಗೆ, ಆರ್ಥಿಕ-ಸಾಮಾಜಿಕ ವಿಭಾಗ ಚೀನೀಯರಿಗೆ. 2017ರಲ್ಲಿ ಭಯೋತ್ಪಾದನೆ ತಡೆಗೆಂದು ಹೊಸ ಕಚೇರಿ ತೆರೆದರು, ಅದಕ್ಕೆ ಬಂದವರು ರಷ್ಯಾದವರು. ಒಂದು ದೇಶದವರು ಬಿಟ್ಟ ದೊಡ್ಡ ಹುದ್ದೆಗೆ ಸಾಮಾನ್ಯವಾಗಿ ಅದೇ ದೇಶದವರು ಬರಬಾರದು ಎಂದು ಸಾಮಾನ್ಯ ಸಭೆ 1992ರಲ್ಲೇ ನಿರ್ಣಯ ಮಾಡಿತ್ತು. ಅದು ನಡಾವಳಿ ಪುಸ್ತಕದಲ್ಲಿ ಭದ್ರವಾಗಿದೆ! ಸುಧಾರಣೆ ತಾನಾಗಿ ಆಗುತ್ತದೆ ಎಂದಿರಿ. ತನ್ನ ಕೆಳಗಿನ ಮುಖ್ಯಸ್ಥರನ್ನೇ ಆರಿಸಿಕೊಳ್ಳಲಾಗದವರು ಏನನ್ನು ಸುಧಾರಿಸುತ್ತಾರೆ?

ನಿಮ್ಮ ಕಡೆಯ ನ್ಯಾಯವನ್ನೂ ಹೇಳಿಬಿಡುತ್ತೇನೆ. ದೊಡ್ಡವರು ಮುಖ ತಿರುಗಿಸಿದರೆ ಕುರ್ಚಿಯಲ್ಲಿ ಕೂತವರಿಂದ ಕೆಲಸ ಆಗುವುದಿಲ್ಲ ಎಂಬುದು ನಿಜ. 1950ರಲ್ಲಿ ಮೊದಲ ಪ್ರಧಾನ ಕಾರ್ಯದರ್ಶಿ ಟ್ರಿಗ್ವೆ ಲೀ ಅವರಿಗೆ ಸೋವಿಯತ್ ವಿಟೊ ಬಿತ್ತು. ಲೀ ಬಿಟ್ಟು ಬೇರೆ ಯಾರೇ ಆದರೂ ತಾನು ವಿಟೊ ಹಾಕುವುದಾಗಿ ಅಮೆರಿಕ ಹೇಳಿತು. ಕೊನೆಗೆ ಸಾಮಾನ್ಯ ಸಭೆಯೇ 46 ಮತಗಳಿಂದ ಅವರ ಅವಧಿಯನ್ನು ಮೂರು ವರ್ಷ ಮುಂದುವರಿಸಿತು. ಅಷ್ಟಾದರೂ ಸೋವಿಯತ್ತರು ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, 1952ರಲ್ಲಿ ಅವರು ರಾಜೀನಾಮೆ ಕೊಟ್ಟರು. ಒಪ್ಪಿದೆ.

ಆದರೆ ಆ 1950ರಲ್ಲಿ ಲೀಗೆ ಬದಲಾಗಿ ಕೇಳಿಬಂದ ಹೆಸರುಗಳಲ್ಲಿ ಒಂದು ಯಾರದು ಗೊತ್ತೇ? ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರದು. ಸಂವಿಧಾನ ಸಭೆಯ ಸಲಹೆಗಾರರಾಗಿ ಮೊದಲ ಕರಡು ಸಿದ್ಧಪಡಿಸಿದವರು. ಆ ಜೂನ್‌ನಲ್ಲಿ ಕೊರಿಯಾ ಯುದ್ಧ ಹೊತ್ತಿಕೊಂಡಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರೂ ಅವರೇ. ಸಭೆಯ ಮುಂದೆ ನಾಲ್ಕು ಹೆಸರು ಇಡುವ ಪದ್ಧತಿ ಇದ್ದಿದ್ದರೆ ರಾಯರು ಗೆಲ್ಲುತ್ತಿದ್ದರೆಂದು ನಾನು ಹೇಳುತ್ತಿಲ್ಲ. ಸೋಲುತ್ತಿದ್ದರೇನೋ, ಆದರೆ ಎಲ್ಲರ ಎದುರು ಸೋಲುತ್ತಿದ್ದರು. ಎರಡು ವರ್ಷ ಕಳೆದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ನ್ಯಾಯಾಧೀಶರಾಗಿ ಹೋದರು, 1953ರಲ್ಲಿ ತೀರಿಕೊಂಡರು. ಮಂಗಳೂರಿನಲ್ಲಿ ಪದವಿ ಓದುವ ಹತ್ತು ಮಕ್ಕಳನ್ನು ನಿಲ್ಲಿಸಿ ಈ ಹೆಸರು ಕೇಳಿ ನೋಡಿ. ನಮ್ಮ ಪತ್ರಿಕೆಗಳೂ ಹಾಗೆಯೇ. ಯಾವುದೋ ದೇಶದ ಮಂತ್ರಿಯ ಅಜ್ಜ ಇಲ್ಲಿಂದ ಹಡಗು ಹತ್ತಿದ್ದ ಎಂದು ತಿಳಿದರೆ ‘ಭಾರತೀಯ ಮೂಲದ’ ಎಂದು ಎಂಟು ಕಾಲಂ ಹಾಕುತ್ತೇವೆ. ಇಲ್ಲೇ ಹುಟ್ಟಿ ಜಗತ್ತಿನ ದೊಡ್ಡ ಮೇಜಿನ ತಲೆಗೆ ಕೂತವರಿಗೆ ಪುಟದ ಮೂಲೆ. ಈ ಪತ್ರಿಕೆಯೂ ಹೊರತಲ್ಲ. ರಾಯರ ಬಗ್ಗೆ ನಾವು ಕೊನೆಯ ಲೇಖನ ಹಾಕಿದ್ದು ಯಾವಾಗ ಎಂದು ಹುಡುಕಿಸಿದೆ, ಸಿಗಲಿಲ್ಲ.

ಹೆಂಗಸಿನ ಮಾತಿಗೆ ಬರೋಣ. ಯೋಗ್ಯತೆ ಮುಖ್ಯ ಎನ್ನುತ್ತೀರಿ, ಸರಿ. 1953ರಲ್ಲಿ ಸೋವಿಯತ್ ಒಕ್ಕೂಟ ವಿಜಯಲಕ್ಷ್ಮಿ ಪಂಡಿತರ ಹೆಸರು ಸೂಚಿಸಿದಾಗ ಮಂಡಳಿಯಲ್ಲಿ ಪರವಾಗಿ ಬಿದ್ದದ್ದು ಎರಡೇ ಮತ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಾಮಾನ್ಯ ಸಭೆ ಅವರನ್ನು ತನ್ನ ಅಧ್ಯಕ್ಷೆಯಾಗಿ ಆರಿಸಿತು, ಆ ಪೀಠದಲ್ಲಿ ಕೂತ ಮೊದಲ ಮಹಿಳೆ. ಆರು ತಿಂಗಳಲ್ಲಿ ಅವರ ಯೋಗ್ಯತೆ ಏನು ಬೆಳೆದುಬಿಟ್ಟಿತ್ತು? ಆರಿಸಿದ ಕೋಣೆ ಬೇರೆ, ಅಷ್ಟೆ. 2016ರಲ್ಲಿ ಹದಿಮೂರು ಅಭ್ಯರ್ಥಿಗಳಲ್ಲಿ ಏಳು ಮಂದಿ ಮಹಿಳೆಯರು. ಆ ಸಲ ಮೊದಲ ಬಾರಿಗೆ ಅಭ್ಯರ್ಥಿಗಳು ಸಾಮಾನ್ಯ ಸಭೆಯ ಮುಂದೆ ನಿಂತು ಪ್ರಶ್ನೆಗಳಿಗೆ ಉತ್ತರಿಸಿದರು, ಜಗತ್ತು ಕೂತು ನೋಡಿತು. ಆಂಟೊನಿಯೊ ಗುಟೆರಸ್ ಚೆನ್ನಾಗಿಯೇ ಮಾತಾಡಿದರು, ಪ್ರತಿ ಸುತ್ತಿನಲ್ಲೂ ಮೊದಲಿಗರಾದರು. ಅವರ ಮೇಲೆ ನನ್ನ ತಕರಾರಿಲ್ಲ. ಆದರೆ ಅಕ್ಟೋಬರ್ 5ರಂದು ಹದಿನೈದು ರಾಯಭಾರಿಗಳು ಬಾಗಿಲು ತೆರೆದು ಹೊರಗೆ ಬಂದು ಹೆಸರು ಹೇಳಿದರು. ವಾರ ಕಳೆದು 13ರಂದು ಸಾಮಾನ್ಯ ಸಭೆ ಮತವಿಲ್ಲದೆ ಚಪ್ಪಾಳೆ ತಟ್ಟಿ ನೇಮಿಸಿತು. ನನಗೆ ಗೊಬ್ಬರದ ವಾಸನೆ ಬಂದ ಹಾಗಾಯಿತು.

ಅವರ ಎರಡನೇ ಅವಧಿ 2026ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಚಿಲಿಯ ಅಧ್ಯಕ್ಷೆಯಾಗಿದ್ದ ಮಿಶೆಲ್ ಬ್ಯಾಚೆಲೆಟ್, ಕೋಸ್ಟರಿಕಾದ ರೆಬೆಕಾ ಗ್ರಿನ್‌ಸ್ಪ್ಯಾನ್, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ರಫಾಯೆಲ್ ಗ್ರೋಸಿ ಇವರ ಹೆಸರು ಕೇಳಿಬಂದಿವೆ. ಎಂಬತ್ತು ವರ್ಷ, ಒಂಬತ್ತು ಮಂದಿ, ಒಂಬತ್ತೂ ಗಂಡಸರು. ಇಷ್ಟಾದ ಮೇಲೂ ಹಠ ಯಾರದು ಎಂದು ನೀವೇ ಹೇಳಿ.

ಇನ್ನು ನಿಮ್ಮ ಲೆಟರ್‌ಹೆಡ್. ‘ಅಧ್ಯಕ್ಷರು, ಹಿರಿಯ ನಾಗರಿಕರ ವೇದಿಕೆ’ ಎಂದು ಹಸಿರು ಅಕ್ಷರದಲ್ಲಿದೆ. ಕಳೆದ ತಿಂಗಳಷ್ಟೇ ಅವಿರೋಧವಾಗಿ ಆಯ್ಕೆಯಾದೆ ಎಂದು ಪತ್ರದ ಕೊನೆಗೆ ಸಂತೋಷದಿಂದ ಬರೆದಿದ್ದೀರಿ. ಅಭಿನಂದನೆಗಳು, ಮನಸಾರೆ. ಬಿಡುವಾದಾಗ ವೇದಿಕೆಯ ನಡಾವಳಿ ಪುಸ್ತಕ ತರಿಸಿಕೊಳ್ಳಿ. ನಿಮ್ಮ ಹೆಸರೂ ಸೂಚಕರ, ಅನುಮೋದಕರ ಸಹಿಗಳೂ ಒಂದೇ ಶಾಯಿಯಲ್ಲಿವೆಯೇ, ನೋಡಿ ಒಂದು ಕಾರ್ಡು ಬರೆಯಿರಿ. ಅಕ್ಷರ ಇಷ್ಟೇ ಚೆನ್ನಾಗಿರಲಿ.

ಸಂಪಾದಕ