ಕತ್ತಲ ಚರ್ಚಿನ ಬಣ್ಣ ಯಾಕೆ ಮಾಸಿಲ್ಲ

ಟರ್ಕಿಯ ಗೊರೆಮೆಯಲ್ಲಿ ಬಂಡೆ ಕೊರೆದ ಚರ್ಚುಗಳ ಬಯಲು ಮ್ಯೂಸಿಯಂ ಒಳಗಿನ ಕರಾನ್ಲಿಕ್ ಚರ್ಚಿಗೆ ಬೇರೆ ಟಿಕೆಟ್ ತಗೊಂಡು ಹೋಗಬೇಕಾ, ಪಕ್ಕದ ಚರ್ಚುಗಳಿಗಿಂತ ಅಲ್ಲಿನ ಚಿತ್ರಗಳು ಯಾಕೆ ಅಷ್ಟು ಹೊಸದಾಗಿ ಕಾಣ್ತವೆ ಅಂತ ಕೇಳಿದ್ರಲ್ಲ. ಖಂಡಿತ ಹೋಗಿ.

ಕರಾನ್ಲಿಕ್ ಅಂದ್ರೆ ಕತ್ತಲು, ಹೆಸರಲ್ಲೇ ಉತ್ತರ ಇದೆ. ಒಳಗೆ ಬೆಳಕು ಬರೋದು ಒಂದು ಪುಟ್ಟ ಕಿಂಡಿಯಿಂದ. ಹಾಗಾಗಿ 11ನೇ ಶತಮಾನದ ಬಣ್ಣ ಬಿಸಿಲಿಗೆ ಮಾಸಲಿಲ್ಲ. ಆಮೇಲೆ 1950ರ ದಶಕದವರೆಗೂ ಅದು ಪಾರಿವಾಳಗಳ ಗೂಡಾಗಿತ್ತು. ಗೋಡೆಗೆ ಮೆತ್ತಿದ್ದ ಹಿಕ್ಕೆ ಕೆರೆದು ತೆಗೆಯೋಕೇ ವರ್ಷಗಟ್ಟಲೆ ಹಿಡೀತು.

ಒಳಗೆ ಹೋದ ತಕ್ಷಣ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ, ಸ್ವಲ್ಪ ನಿಂತುಕೊಳ್ಳಿ. ಆಮೇಲೆ ಗುಮ್ಮಟದ ಕಡೆ ನೋಡಿ: ಕಡುನೀಲಿಯ ನಡುವೆ ಕ್ರಿಸ್ತನ ಮುಖ. ಕಂಬ, ಕಮಾನು ಯಾವುದೂ ಕಟ್ಟಿದ್ದಲ್ಲ. ಮೆದು ಜ್ವಾಲಾಮುಖಿ ಕಲ್ಲನ್ನು ಕೊರೆದು, ಕಟ್ಟಿದ ಚರ್ಚಿನ ರೂಪವನ್ನೇ ಬಿಡಿಸಿದ್ದಾರೆ. ನನಗೆ ಚಿತ್ರಗಳಷ್ಟೇ ಇದೂ ಬೆರಗು. ಕೈಗೆಟುಕುವ ಎತ್ತರದ ಕೆಲವು ಸಂತರ ಕಣ್ಣನ್ನು ಯಾರೋ ಕೆರೆದಿದ್ದಾರೆ, ನೋಡಿದ್ರೆ ಸಂಕಟ ಆಗತ್ತೆ.

ಹತ್ತಿರದ ಸಂತ ಬಾರ್ಬರಾ ಚರ್ಚನ್ನೂ ಬಿಡಬೇಡಿ. ಅಲ್ಲಿ ಬಹುಪಾಲು ಗಾರೆಯೇ ಇಲ್ಲ, ಬರಿಗಲ್ಲಿನ ಮೇಲೆ ಕೆಮ್ಮಣ್ಣಿನ ಗೆರೆಗಳು. ಟೋಕಾಲಿ ಚರ್ಚು ಮ್ಯೂಸಿಯಂನ ಮುಖ್ಯ ಗೇಟಿನ ಹೊರಗೆ ಇರೋದರಿಂದ ತುಂಬಾ ಜನ ನೋಡದೇ ಬಸ್ಸು ಹತ್ತಿಬಿಡ್ತಾರೆ; ಅಲ್ಲಿನ ಚಿತ್ರಗಳ ನೀಲಿ ಬಣ್ಣ ಲಾಜವರ್ದ (ಲ್ಯಾಪಿಸ್ ಲಾಜುಲಿ) ಅನ್ನೋ ನೀಲಿ ಕಲ್ಲಿನದು.