ಮೊದಲ ಭಾಗ ನೋಡದೆ ‘ಸ್ಪೈಡರ್‌ಮ್ಯಾನ್ 2’ ನೋಡಬಹುದಾ?

ಹಾಸನದಿಂದ ಕೇಳಿದ್ದೀರಿ: ಮೊದಲ ಭಾಗ ನೋಡಿಲ್ಲ, ಶನಿವಾರ ರಾತ್ರಿ ಮಗನ ಜೊತೆ ನೇರವಾಗಿ ‘ಸ್ಪೈಡರ್‌ಮ್ಯಾನ್ 2’ ಹಾಕಿದರೆ ಅರ್ಥ ಆಗುತ್ತದಾ ಅಂತ. 2004ರದ್ದು, ಟೋಬಿ ಮಗ್ವಾಯರ್ ಇರುವುದು, ಅಲ್ವಾ? ಧೈರ್ಯವಾಗಿ ನೋಡಿ ಸಾರ್. ಶುರುವಿನಲ್ಲಿ ಹೆಸರುಗಳು ಬರುವಾಗಲೇ ಹಿಂದಿನ ಕತೆಯನ್ನು ಚಿತ್ರಗಳಲ್ಲಿ ತೋರಿಸುತ್ತಾರೆ. ಅಲೆಕ್ಸ್ ರಾಸ್ ಬರೆದ ಚಿತ್ರಗಳು ಅವು, ಚೆನ್ನಾಗಿವೆ. ಆ ಹೊತ್ತಿಗೆ ಮಾತ್ರ ಕಾಫಿ ಮಾಡಲು ಒಳಗೆ ಹೋಗಬೇಡಿ! ಮಗನಿಗೆ ಒಂದು ವಿಷಯ ಮೊದಲೇ ಹೇಳಿಬಿಡಿ: ಹೀರೋನ ಗೆಳೆಯ ಹ್ಯಾರಿಯ ಅಪ್ಪ ಸತ್ತಿದ್ದಾನೆ, ಅದಕ್ಕೆ ಸ್ಪೈಡರ್‌ಮ್ಯಾನೇ ಕಾರಣ ಅಂತ ಹ್ಯಾರಿ ನಂಬಿದ್ದಾನೆ. ಅಷ್ಟು ಸಾಕು.

ನನಗಂತೂ ಮೊದಲನೆಯದಕ್ಕಿಂತ ಇದೇ ಇಷ್ಟ. ಹೀರೋ ಇಲ್ಲಿ ಪಿಜ್ಜಾ ತಲುಪಿಸುವ ಹುಡುಗ. ಬಾಡಿಗೆ ಬಾಕಿ, ಕಾಲೇಜಿಗೆ ಲೇಟು, ಆ ಕೆಲಸವೂ ಹೋಗುತ್ತದೆ. ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಹೋಗಿ ಪಿಜಿಯಲ್ಲಿ ಒದ್ದಾಡುವ ನಮ್ಮ ಹುಡುಗರ ಪಾಡೇ. ಮಧ್ಯದಲ್ಲಿ ಶಕ್ತಿಯೂ ಕೈಕೊಡುತ್ತದೆ. ಬರೀ ಫೈಟ್ ಬೇಕು ಅನ್ನುವ ಮಕ್ಕಳಿಗೆ ಅಲ್ಲಿ ಸ್ವಲ್ಪ ಬೋರ್ ಆಗಬಹುದು. ರೈಲಿನ ದೃಶ್ಯದವರೆಗೆ ತಡೆದುಕೊಳ್ಳಲಿ. ಕತೆ ನಡೆಯುವುದು ನ್ಯೂಯಾರ್ಕಿನಲ್ಲಿ, ಆದರೆ ಆ ರೈಲಿನ ಒಂದಷ್ಟು ಚಿತ್ರೀಕರಣ ಆಗಿದ್ದು ಶಿಕಾಗೋದಲ್ಲಿ. ವಿಶುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಸುಮ್ನೆ ಬರಲಿಲ್ಲ.

ಮಗ ತೀರಾ ಚಿಕ್ಕವನಾ? ಹಾಗಾದರೆ ವಿಲನ್ ಡಾಕ್ಟರ್ ಆಕ್ಟೋಪಸ್‌ನ ಆಪರೇಷನ್ ಥಿಯೇಟರ್ ದೃಶ್ಯದಲ್ಲಿ ಪಕ್ಕದಲ್ಲೇ ಕೂತಿರಿ, ಅದು ಹೆದರಿಸುತ್ತದೆ. ಸಿನಿಮಾ ಎರಡು ಗಂಟೆಗಿಂತ ಜಾಸ್ತಿ ಇದೆ, ಊಟ ಮುಗಿಸಿಕೊಂಡೇ ಹಾಕಿ.